ನಾಯಿಯ ರಕ್ತ ವರದಿಯಲ್ಲಿ ‘ಪ್ರೋಟೀನ್ ನಾರ್ಮಲ್’ ಎಂದಿದ್ದರೆ ಉಣ್ಣಿ ಜ್ವರ ಇಲ್ಲವೆಂದೇ?

ರೋಣ, ನರಗುಂದ, ಗಜೇಂದ್ರಗಡದ ಕಡೆ ನಾಯಿ ಇಲ್ಲದ ಕುರಿಹಟ್ಟಿ ಸಿಗುವುದು ಅಪರೂಪ. ಹೊಲದ ಮನೆಯ ಕಾವಲಿಗೂ ನಾಯಿಯೇ ಬೇಕು. ಆ ನಾಯಿ ಎರಡು ದಿನ ರೊಟ್ಟಿ ಮುಟ್ಟದೆ ಮಲಗಿದರೆ ‘ಬಿಸಿಲಿನ ತಾಪ, ತಾನೇ ಸರಿ ಹೋಗ್ತದ’ ಎನ್ನುತ್ತೇವೆ. ಕಿವಿಯಲ್ಲಿ, ಬೆರಳ ಸಂದಿಯಲ್ಲಿ ಉಣ್ಣಿ ಕಂಡರೆ ಕಿತ್ತು ಹಾಕಿ, ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಕಚ್ಚಿದ ಕೆಲವೇ ಗಂಟೆಗಳಲ್ಲಿ ಉಣ್ಣಿ ರೋಗಾಣುವನ್ನು ರಕ್ತಕ್ಕೆ ಸೇರಿಸಿರಬಹುದು. ಉಣ್ಣಿ ಕಿತ್ತರೂ ಆ ರೋಗಾಣು ಒಳಗೇ ಉಳಿಯುತ್ತದೆ.

ಯಾವುದು ಈ ರೋಗಾಣು?

ಇದರ ಹೆಸರು ಎರ್ಲಿಕಿಯಾ ಕ್ಯಾನಿಸ್. 1935ರಲ್ಲಿ ಅಲ್ಜೀರಿಯಾದಲ್ಲಿ ಮೊದಲು ಗುರುತಿಸಲಾದ ಬ್ಯಾಕ್ಟೀರಿಯಾ ಇದು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆಯ ನೂರಾರು ನಾಯಿಗಳು ಈ ರೋಗಕ್ಕೆ ಬಲಿಯಾದಾಗ ಜಗತ್ತಿನ ಗಮನ ಇತ್ತ ಹರಿಯಿತು. ಇದನ್ನು ಹರಡುವುದು ನಾಯಿಗಳ ಕಂದು ಉಣ್ಣಿ. ರೋಗಾಣು ಸೇರಿಕೊಳ್ಳುವುದು ಮಾನೋಸೈಟ್ ಎಂಬ ಬಿಳಿ ರಕ್ತಕಣದೊಳಗೆ. ರೋಗಾಣುವನ್ನು ಕೊಲ್ಲಬೇಕಾದ ಕಣವೇ ಅದರ ಅಡಗುತಾಣ!

ಉಣ್ಣಿ ಕಚ್ಚಿದ 8ರಿಂದ 20 ದಿನಗಳಲ್ಲಿ ಜ್ವರ, ಸುಸ್ತು ಶುರುವಾಗುತ್ತವೆ. ಎರಡು–ನಾಲ್ಕು ವಾರಗಳಲ್ಲಿ ಅವು ತಾವಾಗಿಯೇ ಇಳಿಯಲೂಬಹುದು. ಆಗ ನಾಯಿ ಗುಣವಾಯಿತು ಅನ್ನಿಸುತ್ತದೆ. ಆದರೆ ರೋಗ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಡಗಿ ಕೂರಬಲ್ಲದು.

ಮೊತ್ತ ಸರಿ, ಒಳಗಿನ ಲೆಕ್ಕ ತಪ್ಪು

ರಕ್ತದ ಪ್ರೋಟೀನಿನಲ್ಲಿ ಮುಖ್ಯವಾಗಿ ಎರಡು ಪಾಲು: ಅಲ್ಬುಮಿನ್ ಮತ್ತು ಗ್ಲಾಬ್ಯುಲಿನ್. ಪ್ರತಿಕಾಯಗಳು ಇರುವುದು ಗ್ಲಾಬ್ಯುಲಿನ್ ಪಾಲಿನಲ್ಲಿ. ಅಡಗಿ ಕುಳಿತ ರೋಗಾಣುವಿನ ವಿರುದ್ಧ ದೇಹ ಪ್ರತಿಕಾಯಗಳನ್ನು ತಯಾರಿಸುತ್ತಲೇ ಇರುವುದರಿಂದ ಗ್ಲಾಬ್ಯುಲಿನ್ ಏರುತ್ತದೆ. ಅದೇ ಹೊತ್ತಿಗೆ ಅಲ್ಬುಮಿನ್ ಇಳಿಯುತ್ತದೆ: ಉರಿಯೂತದಿಂದಾಗಿ ಲಿವರ್ ಅದನ್ನು ಕಡಿಮೆ ತಯಾರಿಸುತ್ತದೆ, ಮೂತ್ರಪಿಂಡದ ಸೋಸುಜಾಲರಿ ಕೆಟ್ಟರೆ ಮೂತ್ರದಲ್ಲೂ ಸೋರಿಹೋಗುತ್ತದೆ.

ಒಂದು ಲೆಕ್ಕ ನೋಡಿ. ಆರೋಗ್ಯವಂತ ನಾಯಿಯಲ್ಲಿ ಅಲ್ಬುಮಿನ್ 3.4, ಗ್ಲಾಬ್ಯುಲಿನ್ 3.8 ಗ್ರಾಂ ಇದ್ದರೆ ಒಟ್ಟು 7.2. ಕಾಯಿಲೆಯ ನಾಯಿಯಲ್ಲಿ ಅಲ್ಬುಮಿನ್ 2.0, ಗ್ಲಾಬ್ಯುಲಿನ್ 5.2 ಇದ್ದರೂ ಒಟ್ಟು 7.2! ಮೊತ್ತ ಮಾತ್ರ ನೋಡಿದರೆ ಇಬ್ಬರಿಗೂ ‘ನಾರ್ಮಲ್’. ಅಲ್ಬುಮಿನ್ನನ್ನು ಗ್ಲಾಬ್ಯುಲಿನ್ನಿಂದ ಭಾಗಿಸಿದರೆ ಮೊದಲನೆಯದು ಸುಮಾರು 0.9, ಎರಡನೆಯದು 0.4. ವರದಿಯಲ್ಲಿ ‘ಎ/ಜಿ ರೇಶಿಯೋ’ ಎಂದು ಬರೆದಿರುವುದು ಇದನ್ನೇ.

‘ಲಿವರ್ ಕೆಟ್ಟಿದೆ’ ಎಂದರೆ?

ಎಎಲ್‌ಟಿ, ಎಎಲ್‌ಪಿ ಎಂಬ ಕಿಣ್ವಗಳೂ ಈ ರೋಗದಲ್ಲಿ ಏರಬಹುದು. ಅದನ್ನು ಕಂಡು ಲಿವರ್ ಟಾನಿಕ್ ಮಾತ್ರ ಕುಡಿಸುತ್ತ ಕುಳಿತರೆ ಬೇರು ಬಿಟ್ಟು ಎಲೆಗೆ ನೀರು ಹಾಕಿದಂತೆ. ಯೂರಿಯಾ, ಕ್ರಿಯಾಟಿನಿನ್ ಏರಿದ್ದರೆ ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿದೆಯೇ ಎಂದು ನೋಡಬೇಕು. ಜೊತೆಗೆ ಪ್ಲೇಟ್ಲೆಟ್ ಎಣಿಕೆ ಬೇಕೇ ಬೇಕು. ನಾಯಿಯಲ್ಲಿ ಇದು ಸಾಮಾನ್ಯವಾಗಿ ಮೈಕ್ರೋಲೀಟರಿಗೆ 2 ಲಕ್ಷದಿಂದ 5 ಲಕ್ಷ. ಈ ರೋಗದಲ್ಲಿ ಅತಿ ಹೆಚ್ಚಾಗಿ ಕಾಣುವ ಬದಲಾವಣೆ ಪ್ಲೇಟ್ಲೆಟ್ ಕುಸಿತವೇ. ಮೂಗಿನಿಂದ ರಕ್ತ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ ಕಂಡರೆ ತಡಮಾಡಬೇಡಿ.

ಆದರೆ ಈ ಅಂಕಿಗಳು ಸುಳಿವು ಮಾತ್ರ, ತೀರ್ಪಲ್ಲ. ಬೇರೆ ದೀರ್ಘಕಾಲದ ಸೋಂಕುಗಳಲ್ಲೂ ಹೀಗಾಗುತ್ತದೆ. ಕಣ್ಣು, ಒಸಡು ಹಳದಿಯಾಗಿ, ಮೂತ್ರ ಕಂದಾಗಿದ್ದರೆ ಉಣ್ಣಿಯಿಂದಲೇ ಬರುವ ಬಬೇಸಿಯಾ ಇರಬಹುದು. ಅದಕ್ಕೆ ಔಷಧ ಬೇರೆ. ಖಚಿತಪಡಿಸಲು ರಕ್ತಲೇಪನ, ಪ್ರತಿಕಾಯ ಕಿಟ್ ಅಥವಾ ಪಿಸಿಆರ್ ಪರೀಕ್ಷೆ ಬೇಕು. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ.

ಮಾತ್ರೆ ನಡುವೆ ನಿಲ್ಲಿಸಬೇಡಿ

ಡಾಕ್ಸಿಸೈಕ್ಲಿನ್ ಎಂಬ ಮಾತ್ರೆ ಈ ರೋಗಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಆರಂಭದಲ್ಲೇ ಕೊಟ್ಟರೆ ಎರಡು ದಿನಗಳಲ್ಲಿ ನಾಯಿ ಎದ್ದು ತಿನ್ನತೊಡಗುವುದುಂಟು. ಎಡವುವುದು ಅಲ್ಲೇ: ಚೇತರಿಸಿತಲ್ಲ ಎಂದು ಮಾತ್ರೆ ನಿಲ್ಲಿಸುತ್ತೇವೆ. ಸಾಮಾನ್ಯವಾಗಿ 28 ದಿನಗಳ ಚಿಕಿತ್ಸೆ ಬೇಕು. ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಹೇಳಬೇಕು. ರೋಗ ಹಳತಾಗಿ ಅಸ್ಥಿಮಜ್ಜೆ ರಕ್ತಕಣ ತಯಾರಿಸುವುದನ್ನೇ ನಿಲ್ಲಿಸಿದರೆ ಉಳಿಸುವುದು ಬಹಳ ಕಷ್ಟ. ಪಪ್ಪಾಯ ಎಲೆಯ ರಸ ಈ ಮಾತ್ರೆಗೆ ಬದಲಿಯಲ್ಲ.

ಉಣ್ಣಿಗೆ ಸೀಮೆಎಣ್ಣೆ ಬಳಿಯುವುದು, ದನದ ಉಣ್ಣಿಯ ಔಷಧವನ್ನು ಅಂದಾಜಿಗೆ ಸುರಿಯುವುದು ನಾಯಿಗೇ ವಿಷವಾಗಬಹುದು. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಬೆರಳಲ್ಲಿ ಹಿಸುಕಬೇಡಿ. ಹೆಣ್ಣು ಉಣ್ಣಿ ಸಾವಿರಾರು ಮೊಟ್ಟೆ ಇಡುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ, ಕಲ್ಲಿನ ಸಂದಿಯಲ್ಲಿ. ಆದ್ದರಿಂದ ನಾಯಿಯ ಜೊತೆಗೆ ಅದು ಮಲಗುವ ಜಾಗಕ್ಕೂ ಮದ್ದು ಬೇಕು.

ಮುಂದಿನ ಸಲ ವರದಿ ಕೈಗೆ ಬಂದಾಗ ‘ಟೋಟಲ್ ಪ್ರೋಟೀನ್’ ಸಾಲಿಗೇ ನಿಲ್ಲಬೇಡಿ. ಅದರ ಕೆಳಗಿನ ಎರಡು ಸಾಲು ಓದಿ, ಪ್ಲೇಟ್ಲೆಟ್ ಎಷ್ಟೆಂದು ಕೇಳಿ. ಉಣ್ಣಿ ಕಚ್ಚಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.