ರಿಪೇರಿ ಮುಗದೈತಿ, ಗಾಡಿ ಎತ್ತವಲ್ದು!

ಕಬ್ಬಿನ ಬಿಲ್ಲು ಖಾತೆಗೆ ಬಿದ್ದ ಮೇಲೆ ಜಮಖಂಡಿ, ಮುಧೋಳ ಕಡೆಯ ಗ್ಯಾರೇಜುಗಳ ಮುಂದೆ ಹಳೆ ಕಾರುಗಳ ಸಾಲು ಉದ್ದವಾಗುತ್ತದೆ. ವರ್ಷವಿಡೀ ಹೊಗೆ ಉಗುಳುತ್ತ, ಆಯಿಲ್ ಕುಡಿಯುತ್ತ ಓಡಿದ ಮಾರುತಿ 800, ಓಮ್ನಿ, ಸುಮೋಗಳಿಗೆ ಎಂಜಿನ್ ಕೆಲಸದ ಯೋಗ ಕೂಡಿಬರುವುದು ಆಗಲೇ. ಕೆಲವಕ್ಕೆ ಇನ್ನೂ ಕೆಎ-28 ಫಲಕವಿದೆ. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಗುವ ಮೊದಲು, ವಿಜಾಪುರದಲ್ಲಿ ಪಾಸಾದ ಗಾಡಿಗಳು ಅವು. ಹೆಡ್ ಬಿಚ್ಚಿ, ವಾಲ್ವ್ ಗ್ರೈಂಡ್ ಮಾಡಿಸಿ, ರಿಂಗು ಹಾಕಿಸಿ, ಊರಲ್ಲಿ ಸಿಗದ ಸಾಮಾನಿಗೆ ಬೆಳಗಾವಿಗೋ ಕೊಲ್ಲಾಪುರಕ್ಕೋ ಹುಡುಗನನ್ನು ಕಳಿಸಿ, ಕೊನೆಗೊಂದು ಸಂಜೆ ಎಲ್ಲ ಕೂಡಿಸಿ ಕೀಲಿ ತಿರುಗಿಸುತ್ತಾರೆ. ಆಮೇಲೆ ಮಾಲೀಕರಿಗೆ ಫೋನು ಬರುತ್ತದೆ: "ಸೆಲ್ಫ್ ಹೊಡಿತೈತ್ರಿ ಸಾವ್ಕಾರ್ರ, ಆದ್ರ ಗಾಡಿ ಎತ್ತವಲ್ದು."

ಇಲ್ಲಿಂದ ಶುರುವಾಗುತ್ತದೆ ಸಾಮಾನು ಬದಲಿಸುವ ಹಬ್ಬ. ಮೊದಲು ಪ್ಲಗ್, ಆಮೇಲೆ ಕಾಯಿಲ್, ಅದಾದ ಮೇಲೆ ಪೆಟ್ರೋಲ್ ಎಳೆಯುವ ಎಸಿ ಪಂಪ್, ಕಡೆಗೆ ಬ್ಯಾಟರಿ. ಗ್ಯಾರೇಜಿಗೆ ತನ್ನ ಕಾಲ ಮೇಲೆ ತಾನೇ ನಡೆದು ಬಂದ ಗಾಡಿಯ ಕಾಯಿಲ್ ಮಲಗಿದಲ್ಲೇ ಸತ್ತಿತೆಂದು ನಂಬುವುದು ಕಷ್ಟ. ರಬಕವಿ-ಬನಹಟ್ಟಿಯ ನೇಕಾರರು ಹೊಸ ಬೀಮ್ ಕೆಚ್ಚಿದ ಮೇಲೆ ಮಗ್ಗ ತೊಡಕಿದರೆ ಮೋಟಾರು ಬಿಚ್ಚಲು ಹೋಗುವುದಿಲ್ಲ, ಕೆಚ್ಚಿದ ಗಂಟಿನ ಸಾಲನ್ನೇ ಮೊದಲು ನೋಡುತ್ತಾರೆ. ಕಾರಿನಲ್ಲೂ ಅಷ್ಟೇ: ಪಾನಾ ಎಲ್ಲೆಲ್ಲಿ ಆಡಿದೆಯೋ ಅಲ್ಲಿ ಮೊದಲು ಹುಡುಕಬೇಕು.

ಗಾಡಿ ಎತ್ತವಲ್ದು ಅನ್ನುವುದರಲ್ಲೇ ಎರಡು ಬೇರೆ ಬೇರೆ ರೋಗಗಳಿವೆ. ಸೆಲ್ಫ್ ತಿರುಗುವುದೇ ಇಲ್ಲ ಅನ್ನುವುದು ಒಂದು. ಸೆಲ್ಫ್ ಚೆನ್ನಾಗಿ ತಿರುಗಿಸುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ ಅನ್ನುವುದು ಇನ್ನೊಂದು. ಇವೆರಡನ್ನು ಕಲಸಿಕೊಂಡರೆ ದುಡ್ಡು ಹೋಯಿತು ಅಂತಲೇ ಲೆಕ್ಕ.

ಮೊದಲನೆಯದರಲ್ಲಿ ಬಹಳ ಸಲ ಸಿಕ್ಕಿಬೀಳುವುದು ಅರ್ಥಿಂಗ್ ಪಟ್ಟಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಬ್ಯಾಟರಿಯ ಮೈನಸ್‌ಗೆ ಕರೆಂಟ್ ಮರಳಿ ಹೋಗಲು ಎಂಜಿನ್ನಿಗೂ ಬಾಡಿಗೂ ನಡುವೆ ಒಂದು ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಎಂಜಿನ್ ಇಳಿಸಿ ಏರಿಸುವಾಗ ಅದನ್ನು ಬಿಗಿಯಲು ಮರೆತರೆ, ಅಥವಾ ಹೊಸದಾಗಿ ಬಳಿದ ಪೇಂಟ್ ಮೇಲೆಯೇ ಬಿಗಿದರೆ, ಲೈಟು ಝಗ್ ಅಂತ ಹತ್ತುತ್ತದೆ, ಹಾರ್ನ್ ಹೊಡೆಯುತ್ತದೆ, ಸೆಲ್ಫ್ ಮಾತ್ರ 'ಟಕ್' ಅಂದು ಸುಮ್ಮನಾಗುತ್ತದೆ. ಒಮ್ಮೊಮ್ಮೆ ಕರೆಂಟ್ ಬೇರೆ ದಾರಿ ಸಿಗದೆ ಆಕ್ಸಿಲರೇಟರ್ ಕೇಬಲ್ ಮೂಲಕವೇ ಹರಿದು, ಕೇಬಲ್ ಮುಟ್ಟಿದರೆ ಕೈ ಸುಡುತ್ತದೆ. ಪರೀಕ್ಷೆ ಸುಲಭ: ಜಂಪರ್ ವೈರಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬರಿಯ ಲೋಹಕ್ಕೆ. ಸೆಲ್ಫ್ ತಿರುಗಿತೋ, ಬ್ಯಾಟರಿ ಅಂಗಡಿಗೆ ಹೋಗುವ ಕೆಲಸ ತಪ್ಪಿತು. ಹಾಗೂ ಬ್ಯಾಟರಿ ಮೇಲೆ ಅನುಮಾನವಿದ್ದರೆ ಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜ್ ಇದ್ದಾಗ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ದಣಿದಿದೆ, ಇಲ್ಲವೇ ಸೆಲ್ಫ್ ಮೋಟಾರೇ ಜಾಮ್ ಆಗಿ ಕರೆಂಟ್ ನುಂಗುತ್ತಿದೆ.

ಇನ್ನು ಸೆಲ್ಫ್ ತಿರುಗಿಯೂ ಹಿಡಿಯದ ಪೆಟ್ರೋಲ್ ಗಾಡಿ. ನಮ್ಮ ಮಿಸ್ತ್ರಿಗಳು ಡೆಲ್ಕೋ ಅನ್ನುವ ಡಿಸ್ಟ್ರಿಬ್ಯೂಟರೇ ಇದರ ಕೇಂದ್ರ. ಹೆಡ್ ಕೆಲಸಕ್ಕಾಗಿ ಅದನ್ನು ಎತ್ತಿ, ಮತ್ತೆ ಕೂಡಿಸುವಾಗ ಅರ್ಧ ಸುತ್ತು ಆಚೀಚೆ ಆಗುವುದು ಅಪರೂಪವಲ್ಲ. ಕಾರಣ ಹೀಗಿದೆ: ಪಿಸ್ಟನ್ ಮೇಲೇರಿ ತುದಿ ಮುಟ್ಟುವುದು ಎರಡು ಸಲ, ಒಮ್ಮೆ ಗ್ಯಾಸ್ ಒತ್ತುವಾಗ, ಇನ್ನೊಮ್ಮೆ ಸುಟ್ಟ ಹೊಗೆ ಹೊರದಬ್ಬುವಾಗ. ಪುಲ್ಲಿಯ ಮೇಲಿನ ಗುರುತು ಎರಡೂ ಸಲ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಗುರುತನ್ನಷ್ಟೇ ನಂಬಿ ಡೆಲ್ಕೋ ಇಳಿಸಿದರೆ, ಹೊಗೆ ಹೋಗುವ ಹೊತ್ತಿಗೆ ಕಿಡಿ ಹಾರುತ್ತದೆ. ಕಾರ್ಬೊರೇಟರ್ ಬಾಯಿಂದ ಪಟಾಕಿ ಹೊಡೆದಂತೆ ಸದ್ದು ಬರುತ್ತದೆ. ಹಳೆ ಮಿಸ್ತ್ರಿಗಳು ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ, ತೂತಿನ ಮೇಲೆ ಹೆಬ್ಬೆರಳು ಒತ್ತಿ, ಕೈಯಿಂದ ಪುಲ್ಲಿ ತಿರುಗಿಸುತ್ತಾರೆ. ಗಾಳಿ ಹೆಬ್ಬೆರಳನ್ನು ಎತ್ತಿ ಒಗೆದರೆ ಅದೇ ಸರಿಯಾದ ಸುತ್ತು. ಆಗ ಗುರುತು ಕೂಡಿಸಿ ನೋಡಿದರೆ ರೋಟರ್ ಒಂದನೇ ವೈರಿನ ಕಡೆ ಮುಖ ಮಾಡಿರಬೇಕು. ವೈರುಗಳ ಸರದಿ ಮಾರುತಿ 800ರ ಮೂರು ಸಿಲಿಂಡರಿನಲ್ಲಿ 1-3-2. ಅಂಬಾಸಡರ್ ಮತ್ತು ಪದ್ಮಿನಿಯಲ್ಲಿ 1-3-4-2. ಎರಡು ವೈರು ಅದಲುಬದಲಾದರೂ ಗಾಡಿ ಮುನಿಸಿಕೊಳ್ಳುತ್ತದೆ. ರೋಟರನ್ನೇ ಬೆಂಚಿನ ಮೇಲೆ ಮರೆತು ಮುಚ್ಚಳ ಹಾಕುವವರೂ ಇದ್ದಾರೆ, ನಗಬೇಡಿ.

ಅಂಬಾಸಡರ್‌ನಂಥ, ಡೆಲ್ಕೋ ಒಳಗೆ ಪಾಯಿಂಟ್ ಇರುವ ಗಾಡಿಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪಾಯಿಂಟಿನ ಸ್ಪ್ರಿಂಗ್ ಕೂಡುವ ಮೊಳೆಗೆ ಕರೆಂಟ್ ತಡೆಯುವ ಪುಟ್ಟ ವಾಷರುಗಳಿರುತ್ತವೆ. ಒಂದು ವಾಷರ್ ಕೆಳಗಿನದು ಮೇಲಾದರೆ ಸಾಕು, ಪಾಯಿಂಟ್ ತೆರೆದರೂ ಅರ್ಥ್ ಆಗಿಯೇ ಉಳಿಯುತ್ತದೆ, ಕಿಡಿ ಹುಟ್ಟುವುದೇ ಇಲ್ಲ. ಹೊಸ ಪಾಯಿಂಟಿನ ಮುಖಕ್ಕೆ ಅಂಟಿದ ಎಣ್ಣೆ ಪದರವನ್ನು ಬಟ್ಟೆಯಿಂದ ಒರೆಸದೆ ಹಾಕಿದರೂ ಅದೇ ಗೋಳು.

ಡೀಸೆಲ್ ಗಾಡಿಯಲ್ಲಿ ಕಿಡಿಯ ಗೊಡವೆ ಇಲ್ಲ, ಗಾಳಿಯ ಕಾಟ. ಫಿಲ್ಟರ್ ಬದಲಿಸಿದ ಸುಮೋ, ಜೀಪು ಮರುದಿನ ಎತ್ತದಿದ್ದರೆ 'ಏರ್ ಹಿಡದೈತಿ' ಅನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತು. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತಿ, ಗುಳ್ಳೆ ನಿಂತು ಬರಿ ಡೀಸೆಲ್ ಬರುವ ತನಕ ಬಿಡಬೇಕು. ಅಷ್ಟಕ್ಕೂ ಏಳದಿದ್ದರೆ ಇಂಜೆಕ್ಟರ್ ಪೈಪಿನ ನಟ್ಟುಗಳನ್ನು ತುಸು ಸಡಿಲಿಸಿ ಸೆಲ್ಫ್ ಹೊಡೆಯಬೇಕು. ಆದರೆ ದಿನಾ ಬೆಳಿಗ್ಗೆ ಇದೇ ಪೂಜೆ ನಡೆದರೆ ಫಿಲ್ಟರಿನ ಬೋಲ್ಟಿಗೆ ಹಳೆ ತಾಮ್ರದ ವಾಷರನ್ನೇ ಮತ್ತೆ ಹಾಕಿದ್ದಾರೆಯೇ ನೋಡಿ. ಪಂಪು ಡೀಸೆಲ್ ಎಳೆಯುವ ಬದಿಯಲ್ಲಿ ಬಿರುಕಿದ್ದರೆ ಎಣ್ಣೆ ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ನುಸುಳಬಹುದು. ಹಾಗಾಗಿ ನೆಲ ಒಣಗಿದ್ದ ಮಾತ್ರಕ್ಕೆ ಲೀಕ್ ಇಲ್ಲ ಎನ್ನುವಂತಿಲ್ಲ. ಪಂಪಿನ ಮೇಲೆ ಸೊಲೆನಾಯ್ಡ್ ಇರುವ ಗಾಡಿಯಾದರೆ ಅದರ ಒಂಟಿ ವೈರು ಸಿಕ್ಕಿಸಿದ್ದಾರೋ ಇಲ್ಲವೋ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು.

ಈ ಸೀಮೆಗೆ ಒಂದು ಕಾರಣ ಮನೆಯಲ್ಲೇ ಬೆಳೆದಿದೆ. ಮುಧೋಳ, ಜಮಖಂಡಿ, ಬೀಳಗಿ ತಾಲ್ಲೂಕುಗಳ ಕಬ್ಬು ಕಾರ್ಖಾನೆಗೆ ಹೋಗಿ ಸಕ್ಕರೆಯಷ್ಟೇ ಆಗುವುದಿಲ್ಲ, ಎಥೆನಾಲೂ ಆಗುತ್ತದೆ. ದೇಶದ ಪೆಟ್ರೋಲಿನಲ್ಲಿ 2013-14ರಲ್ಲಿ ಶೇ 1.5ರಷ್ಟಿದ್ದ ಎಥೆನಾಲ್ 2025ರ ಹೊತ್ತಿಗೆ ಶೇ 20 ಮುಟ್ಟಿದೆ. ರೈತನ ಜೇಬಿಗೆ ಒಳ್ಳೆಯದು, ತಕರಾರಿಲ್ಲ. ಆದರೆ ಎಥೆನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಸಾಮಾನು ಬರಲಿ ಎಂದು ಮಳೆಗಾಲವಿಡೀ ಗ್ಯಾರೇಜಿನ ಅಂಗಳದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು ನಿಂತ ಕಾರಿನಲ್ಲಿ ನೀರು ಮಿತಿ ಮೀರಿದರೆ, ನೀರು-ಎಥೆನಾಲ್ ಕೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಎಳೆಯುವ ಪೈಪಿನ ಬಾಯಿಯೂ ತಳದಲ್ಲೇ! ಎಂಜಿನ್ ಎಷ್ಟೇ ಚೆನ್ನಾಗಿ ಕಟ್ಟಿರಲಿ, ಆ ನೀರು ಕುಡಿದು ಅದು ಹೇಗೆ ಏಳುತ್ತದೆ? ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ಪೆಟ್ರೋಲ್ ಹಿಡಿದು ಅರ್ಧ ಗಂಟೆ ಬಿಡಿ; ಎರಡು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸುವುದೇ ಮದ್ದು. ಹಳೆ ಗಾಡಿಯ ರಬ್ಬರ್ ಪೈಪು, ಎಸಿ ಪಂಪಿನ ಡಯಾಫ್ರಂಗಳೂ ಇಷ್ಟು ಎಥೆನಾಲಿಗೆಂದು ಮಾಡಿದವಲ್ಲ. ರಿಪೇರಿಗೆ ಬಿಟ್ಟಾಗಲೇ ಅವನ್ನೂ ಬದಲಿಸಿದರೆ ಲೇಸು.

ಹೊಳೆ ನೀರು ಹೊಕ್ಕ ಗಾಡಿಯ ಕಥೆ ಬೇರೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದ್ದನ್ನು ಈ ಭಾಗ ಮರೆತಿಲ್ಲ. ಅಂಥ ಗಾಡಿಯ ಎಲ್ಲ ಪ್ಲಗ್ ಬಿಚ್ಚಿ ಸಿಲಿಂಡರಿನ ನೀರು ಹೊರಹಾಕದೆ ಸೆಲ್ಫ್ ಮುಟ್ಟಬಾರದು; ನೀರನ್ನು ಒತ್ತಿ ಕುಗ್ಗಿಸಲು ಆಗದು, ಬಾಗುವುದು ಕನೆಕ್ಟಿಂಗ್ ರಾಡ್.

ಒಂದು ಅಭ್ಯಾಸವನ್ನಂತೂ ಬಿಡಲೇಬೇಕು: ಕಾರ್ಬೊರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವುದು. ಟೈಮಿಂಗ್ ತಪ್ಪಿದ ಎಂಜಿನ್ ಅದೇ ಬಾಯಿಂದ ಬೆಂಕಿ ಉಗುಳುತ್ತದೆ. ಸೆಲ್ಫ್ ಕೂಡ ಒಂದೇ ಉಸಿರಿಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ಆರಲು ಬಿಡಬೇಕು.

ಮಾಲೀಕರು ಮಾಡಬಹುದಾದ ಕೆಲಸ ಗಾಡಿ ಬಿಡುವಾಗಲೇ ಇದೆ. ಬಾನೆಟ್ ಎತ್ತಿ ಡೆಲ್ಕೋ, ವೈರು, ಪೈಪುಗಳ ನಾಲ್ಕು ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಏನೇನು ಬಿಚ್ಚಿದರೆಂದು ಕೇಳಿ ಬರೆದಿಟ್ಟುಕೊಳ್ಳಿ. "ತೆಗದ ಸಾಮಾನೆಲ್ಲಾ ಒಂದ ಚೀಲದಾಗ ಹಾಕಿಡ್ರಿ, ಗುಜರಿಗೆ ಕೊಡಬ್ಯಾಡ್ರಿ" ಎಂದೂ ಹೇಳಿ. ಪೆಟ್ಟಿಗೆಯಿಂದ ಈಗಷ್ಟೇ ತೆಗೆದ ಹೊಸ ಡೆಲ್ಕೋ ಕಂಡೆನ್ಸರ್ರೇ ಸತ್ತಿರುವುದು ಉಂಟು. ಆಗ ಚೀಲದಲ್ಲಿನ ಹಳೆಯದನ್ನು ತಿರುಗಿ ಹಾಕಿ ನೋಡಲು ಹತ್ತು ನಿಮಿಷ ಸಾಕು.