‘ಹಲಾಲ್’ ಎಂದ ಮಾತ್ರಕ್ಕೆ ಹಣ ಭದ್ರವೇ?

ದುಬೈಯಲ್ಲೋ ದಮ್ಮಾಮಿನಲ್ಲೋ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳುವವರ ಕೈಯಲ್ಲಿ ಒಂದಿಷ್ಟು ಹಣ ಇರುತ್ತದೆ. ಮನೆ ಕಟ್ಟಿ, ಸಾಲ ತೀರಿಸಿ, ಮಗಳ ಮದುವೆಗೆಂದು ಎತ್ತಿಟ್ಟು ಉಳಿದದ್ದು. ಬ್ಯಾಂಕಿನಲ್ಲಿಟ್ಟರೆ ಬಡ್ಡಿ, ಅದು ಬೇಡ. ಹೊಸ ವ್ಯಾಪಾರ ಶುರು ಮಾಡುವ ವಯಸ್ಸೂ ದಾಟಿದೆ. ಆಗಲೇ ಪರಿಚಯದವರೊಬ್ಬರು ಮನೆಗೆ ಬರುತ್ತಾರೆ. “ಕಾಕ, ಒಂದು ಹಲಾಲ್ ಸ್ಕೀಮ್ ಉಂಟು. ಬಡ್ಡಿ ಅಲ್ಲ, ಲಾಭದ ಪಾಲು. ತಿಂಗಳು ತಿಂಗಳು ಖಾತೆಗೆ ಬರ್ತದೆ.”

ಆ ಹೊತ್ತಿನಲ್ಲಿ ಕಾಕ ಕೇಳಬೇಕಾದ ಪ್ರಶ್ನೆ ಒಂದೇ: “ಇದು ಯಾರ ಹತ್ತಿರ ನೋಂದಣಿ ಆಗಿದೆ?” ಆದರೆ ಬಂದವರು ಗುರುತಿನವರು, ಮಸೀದಿಯಲ್ಲಿ ಒಟ್ಟಿಗೆ ಸಫ್‌ನಲ್ಲಿ ನಿಲ್ಲುವವರು. ಕೇಳಲಿಕ್ಕೆ ಸಂಕೋಚ. ಆ ಸಂಕೋಚದ ಬೆಲೆ ಎಷ್ಟೆಂದು 2019ರ ಜೂನ್‌ನಲ್ಲಿ ರಾಜ್ಯಕ್ಕೆಲ್ಲ ಗೊತ್ತಾಯಿತು.

ಬೆಂಗಳೂರಿನ ಐಎಂಎ ಬಾಗಿಲು ಹಾಕಿದಾಗ ಸಾವಿರಾರು ಜನ ಶಿವಾಜಿನಗರದಲ್ಲಿ ದೂರು ಕೊಡಲು ಸಾಲು ನಿಂತರು. ಹೆಚ್ಚಿನವರು ಮುಸ್ಲಿಮರು. ಮನೆ ಮಾರಿದ ಹಣ, ಹೆಂಗಸರ ಚಿನ್ನ, ನಿವೃತ್ತಿಯ ಹಣ ಎಲ್ಲವೂ ಅಲ್ಲಿತ್ತು. ಸಂಸ್ಥಾಪಕ ಅಷ್ಟರಲ್ಲಿ ದುಬೈ ಸೇರಿದ್ದ. ಜುಲೈಯಲ್ಲಿ ವಾಪಸ್ ಬಂದಾಗ ದೆಹಲಿಯಲ್ಲಿ ಬಂಧನವಾಯಿತು. ತನಿಖೆ ಮುಂದೆ ಸಿಬಿಐ ಕೈಗೆ ಹೋಯಿತು.

ಹಾಗಾದರೆ ಸರಕಾರದ ಕಣ್ಣಿಗೆ ಇದು ಬೀಳಲಿಲ್ಲವೇ? ಇಲ್ಲೇ ಇರುವುದು ಒಳಗುಟ್ಟು. ನಮ್ಮ ದೇಶದಲ್ಲಿ ಹೂಡಿಕೆಯ ಹಣವನ್ನು ಕಾಯುವವರು ಒಬ್ಬರಲ್ಲ. ಶೇರು, ಮ್ಯೂಚುವಲ್ ಫಂಡ್, ಜನರ ಹಣ ಒಟ್ಟುಮಾಡಿ ನಡೆಸುವ ಹೂಡಿಕೆ ಯೋಜನೆ ಇವೆಲ್ಲ ಸೆಬಿಗೆ. ಬ್ಯಾಂಕ್, ಫೈನಾನ್ಸ್ ಕಂಪೆನಿಗಳ ಠೇವಣಿ ರಿಸರ್ವ್ ಬ್ಯಾಂಕಿಗೆ. ಕಂಪೆನಿ, ಪಾಲುದಾರಿಕೆ ಸಂಸ್ಥೆಗಳ ನೋಂದಣಿ ರಿಜಿಸ್ಟ್ರಾರ್‌ಗೆ. ಠೇವಣಿ ವಂಚನೆಯಾದರೆ ಆಸ್ತಿ ಮುಟ್ಟುಗೋಲು ಹಾಕುವ ಅಧಿಕಾರ 2004ರ ಕೆಪಿಐಡಿ ಕಾಯ್ದೆಯಡಿ ರಾಜ್ಯ ಸರಕಾರಕ್ಕೆ. ಐಎಂಎ ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆಯ ವೇಷದಲ್ಲಿ ಬಂತು. ಹಣ ಕೊಟ್ಟವರನ್ನೆಲ್ಲ ‘ಪಾಲುದಾರರು’ ಅಂದಿತು. ಆಗ ಅದು ಠೇವಣಿಯೇ ಅಲ್ಲ ಎಂಬ ವಾದ ಸಿದ್ಧವಾಯಿತು. ರಾಜ್ಯದ ಕಂದಾಯ ಅಧಿಕಾರಿಗಳ ವಿಚಾರಣೆ ಸಂಸ್ಥೆಗೆ ಅನುಕೂಲವಾದ ವರದಿಯಲ್ಲಿ ಮುಗಿಯಿತು. ಆ ವರದಿಯ ಹಿಂದೆ ಲಂಚ ಇದೆಯೆಂಬ ಆರೋಪವೂ ತನಿಖೆಗೆ ಒಳಗಾಯಿತು. ನಾಲ್ಕು ಕಾವಲುಗಾರರ ನಡುವಿನ ಸಂದಿಯಲ್ಲಿ ಕಳ್ಳ ನುಸುಳಿದ.

ಅದೇ ವರ್ಷ ಕೇಂದ್ರ ಸರಕಾರ ಅನಿಯಂತ್ರಿತ ಠೇವಣಿ ಯೋಜನೆಗಳನ್ನೇ ನಿಷೇಧಿಸುವ ಕಾಯ್ದೆ ತಂದಿತು. ಕಾನೂನು ಬಂತು, ಒಳ್ಳೆಯದು. ಆದರೆ ಹೋದ ಹಣ ಬರುವುದು ಸುಲಭವಲ್ಲ. ಪಿಎಸಿಎಲ್ ಎಂಬ ಕಂಪೆನಿ 49,100 ಕೋಟಿ ರೂಪಾಯಿ ಮರಳಿಸಬೇಕೆಂದು ಸೆಬಿ 2014ರಲ್ಲಿ ಆದೇಶಿಸಿತು. ಆಸ್ತಿ ಮಾರಿ ಹಣ ಹಂಚಲು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಸಮಿತಿಯೇ ರಚನೆಯಾಗಬೇಕಾಯಿತು. ಹೂಡಿಕೆದಾರರು ವರ್ಷಗಟ್ಟಲೆ ಕಾದರು.

ಹಾಗಾದರೆ ನೋಂದಣಿ ಇದ್ದರೆ ಏನು ಲಾಭ? ಸೆಬಿ ಹುಟ್ಟಿದ್ದು 1988ರಲ್ಲಿ, ಕಾನೂನಿನ ಬಲ ಬಂದದ್ದು 1992ರಲ್ಲಿ. ಅದು ಮಾಡಿದ ದೊಡ್ಡ ಕೆಲಸವೆಂದರೆ ಹಣವನ್ನೂ ಮಾರುವವನನ್ನೂ ಬೇರೆ ಬೇರೆ ಇಟ್ಟದ್ದು. ನೀವು ಖರೀದಿಸಿದ ಶೇರು ಬ್ರೋಕರನ ಕಪಾಟಿನಲ್ಲಿ ಇರುವುದಿಲ್ಲ. ನಿಮ್ಮದೇ ಹೆಸರಿನ ಡಿಮ್ಯಾಟ್ ಖಾತೆಯಲ್ಲಿ, ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ದಾಖಲೆಯಲ್ಲಿ ಇರುತ್ತದೆ. ಮ್ಯೂಚುವಲ್ ಫಂಡಿನ ಆಸ್ತಿಯನ್ನು ನೋಡಿಕೊಳ್ಳಲು ಟ್ರಸ್ಟಿಗಳು, ಕಸ್ಟೋಡಿಯನ್ ಬೇರೆಯೇ ಇದ್ದಾರೆ. ಐಎಂಎಯಲ್ಲಿ ಹಣ ಕೇಳಿದ್ದು, ತೆಗೆದುಕೊಂಡದ್ದು, ಲೆಕ್ಕ ಬರೆದದ್ದು ಎಲ್ಲ ಒಂದೇ ಕೈ.

ಸೆಬಿ ನಷ್ಟ ತುಂಬಿಕೊಡುತ್ತದೆ ಎಂದಲ್ಲ. ಶೇರು ಬಿದ್ದರೆ ನಷ್ಟ ನಮ್ಮದೇ. ಆದರೆ ಒಂದು ಮಾತು ಗಮನಿಸಿ. ನೋಂದಾಯಿತ ಬ್ರೋಕರ್ ಆಗಲಿ ಸಲಹೆಗಾರ ಆಗಲಿ ‘ಇಷ್ಟು ಲಾಭ ಖಚಿತ’ ಎಂದು ಭರವಸೆ ಕೊಡುವಂತಿಲ್ಲ. ನಮ್ಮ ಉಸ್ತಾದರು ಮುಳಾರಬದ ಬಗ್ಗೆ ಹೇಳುವುದೂ ಇದನ್ನೇ ಅಲ್ಲವೇ? ಬಂಡವಾಳ ಹಾಕಿದವನು ಲಾಭದಲ್ಲಿ ಪಾಲು ಪಡೆಯುತ್ತಾನೆ, ನಷ್ಟವಾದರೆ ಅದನ್ನೂ ಹೊರುತ್ತಾನೆ. ಪ್ರತಿ ತಿಂಗಳೂ ತಪ್ಪದೆ ಇಷ್ಟೇ ಹಣ ಬರುತ್ತದೆ ಅಂದರೆ ಹೆಸರು ಏನೇ ಇರಲಿ, ಅದನ್ನು ಲಾಭದ ಪಾಲು ಎನ್ನುವುದು ಹೇಗೆ? ಅಂಥ ಮಾತು ಕೇಳಿದ ಕೂಡಲೇ ಸಂಶಯ ಬರಬೇಕು.

ಶರೀಅತ್‌ಗೆ ಹೊಂದುವ ಹೂಡಿಕೆ ಕಾನೂನಿನ ಬಾಗಿಲಿನಿಂದ ಸಿಗುವುದೇ ಇಲ್ಲ ಎಂದಲ್ಲ. ಬಡ್ಡಿ, ಮದ್ಯ ಮೊದಲಾದ ವ್ಯವಹಾರದ ಕಂಪೆನಿಗಳನ್ನು ಬಿಟ್ಟು ಹೂಡಿಕೆ ಮಾಡುವ, ಸೆಬಿಯಲ್ಲಿ ನೋಂದಾಯಿತವಾದ ಎಥಿಕಲ್ ಫಂಡ್‌ಗಳಿವೆ. ಶೇರುಪೇಟೆಯಲ್ಲೇ ಶರೀಅ ಸೂಚ್ಯಂಕಗಳಿವೆ. ಅದರಲ್ಲಿ ಹೂಡಬೇಕೇ ಬೇಡವೇ ಎಂಬುದು ಅವರವರು ಉಸ್ತಾದರಲ್ಲಿ, ಲೆಕ್ಕ ತಿಳಿದವರಲ್ಲಿ ಕೇಳಿ ತೀರ್ಮಾನಿಸಬೇಕಾದ ವಿಷಯ.

ಈಗ ವಂಚನೆ ವಾಟ್ಸ್ಆ್ಯಪ್ ಗುಂಪಿನ ಮೂಲಕ ಬರುತ್ತಿದೆ. ನಕಲಿ ಆ್ಯಪ್‌ನಲ್ಲಿ ಲಾಭ ಏರುತ್ತಲೇ ಹೋಗುತ್ತದೆ, ತೆಗೆಯಲು ಹೋದರೆ ‘ಮೊದಲು ತೆರಿಗೆ ಕಟ್ಟಿ’ ಎನ್ನುತ್ತಾರೆ. ಹಣ ಕಳಿಸುವ ಮೊದಲು ಹೇಳಿದ ನೋಂದಣಿ ಸಂಖ್ಯೆಯನ್ನು ಸೆಬಿಯ ಜಾಲತಾಣದಲ್ಲಿ ನೀವೇ ಹುಡುಕಿ. ಅವರು ಕಳಿಸಿದ ಫೋಟೊ ನಂಬಬೇಡಿ. ಗಲ್ಫಿನಲ್ಲಿರುವವರೂ ಅಷ್ಟೆ: ಅಲ್ಲಿಯ ಟ್ರೇಡ್ ಲೈಸೆನ್ಸ್ ಎಂದರೆ ಜನರಿಂದ ಹೂಡಿಕೆ ಎತ್ತುವ ಪರವಾನಗಿ ಅಲ್ಲ.

ನೋಂದಾಯಿತ ಸಂಸ್ಥೆಯಿಂದ ತೊಂದರೆಯಾದರೆ ಸೆಬಿಯ ‘ಸ್ಕೋರ್ಸ್’ ತಾಣದಲ್ಲಿ ದೂರು ಕೊಡಬಹುದು. ಸಂಸ್ಥೆ 21 ದಿನದೊಳಗೆ ಉತ್ತರಿಸಬೇಕು. ಸಹಾಯವಾಣಿ 1800 266 7575. ಅಕ್ರಮವಾಗಿ ಠೇವಣಿ ಎತ್ತುವವರ ಬಗ್ಗೆ ರಿಸರ್ವ್ ಬ್ಯಾಂಕಿನ ‘ಸಚೇತ್’ ತಾಣ ಇದೆ. ಆನ್‌ಲೈನ್‌ನಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮನೆಗೆ ಬಂದವರಿಗೆ ಚಾ ಕೊಡಿ, ಸಲಾಂ ಹೇಳಿ. ನೋಂದಣಿ ಸಂಖ್ಯೆಯನ್ನೂ ಕೇಳಿ. ಕೇಳಿದ್ದಕ್ಕೆ ಬೇಸರ ಪಟ್ಟುಕೊಳ್ಳುವವರ ಕೈಗೆ ಇಪ್ಪತ್ತು ವರ್ಷದ ಬೆವರನ್ನು ಕೊಡುವ ಅಗತ್ಯ ಇಲ್ಲ.