ಆರೂವರೆ ಅಡಿಯ ಫಾರ್ವರ್ಡ್ ಪಳಗುವುದು ಹೇಗೆ?

ಅಮೆರಿಕದ ಐಸ್ ಹಾಕಿ ಆಟಗಾರ ಟೇಜ್ ಥಾಂಪ್ಸನ್ ಅವರ ಎತ್ತರ 6 ಅಡಿ 6 ಇಂಚು. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನಲ್ಲಿ ಆಡಿದ ಮೊದಲ 145 ಪಂದ್ಯಗಳಲ್ಲಿ ಅವರು ಹೊಡೆದದ್ದು 18 ಗೋಲು. ಅದರ ಮರು ಋತುವಿನ, ಅಂದರೆ 2021-22ರ, 78 ಪಂದ್ಯಗಳಲ್ಲಿ 38 ಗೋಲು. ಮುಂದಿನ ವರ್ಷ ಅದು 47ಕ್ಕೆ ಏರಿತು. ಈ ನಡುವೆ ಅವರ ಎತ್ತರವೇನೂ ಬದಲಾಗಲಿಲ್ಲ. ಹಾಗಾದರೆ ಬದಲಾದದ್ದೇನು? ತೀರಾ ಎತ್ತರದ ಹುಡುಗನೊಬ್ಬ ಒಳ್ಳೆಯ ಫಾರ್ವರ್ಡ್ ಆಗುವ ಬಗೆಯೆಲ್ಲ ಈ ಪ್ರಶ್ನೆಯ ಉತ್ತರದಲ್ಲಿದೆ.

ಎತ್ತರ ಕೊಡುವುದು, ಕಸಿಯುವುದು

ಎನ್‌ಎಚ್‌ಎಲ್ ರಿಂಕ್, ಅಂದರೆ ಮಂಜುಗಡ್ಡೆಯ ಅಂಗಳ, 200 ಅಡಿ ಉದ್ದ, 85 ಅಡಿ ಅಗಲ. ಸುತ್ತಲೂ ಗೋಡೆ. ಒಂದೊಂದು ತಂಡದಿಂದ ಗೋಲ್‌ಕೀಪರ್ ಬಿಟ್ಟು ಐವರು ಏಕಕಾಲಕ್ಕೆ ಆಡುತ್ತಾರೆ: ಇಬ್ಬರು ಡಿಫೆಂಡರ್, ದಾಳಿ ನಡೆಸುವ ಮೂವರು ಫಾರ್ವರ್ಡ್. ಇಂಥ ಇಕ್ಕಟ್ಟಿನ ಜಾಗದಲ್ಲಿ ಉದ್ದನೆಯ ಕೈ ದೊಡ್ಡ ಆಸ್ತಿ. ಎದುರಾಳಿಯ ಸ್ಟಿಕ್ ತಲುಪದಷ್ಟು ದೂರದಲ್ಲಿ ಪಕ್ (ಆಟದ ರಬ್ಬರ್ ಬಿಲ್ಲೆ) ಇಟ್ಟುಕೊಂಡು ಸಾಗಬಹುದು. ಗೋಲಿನ ಮುಂದೆ ನಿಂತು ಗೋಲ್‌ಕೀಪರ್‌ನ ನೋಟಕ್ಕೆ ಅಡ್ಡವಾಗಬಹುದು. ದೂರದಿಂದ ಬಂದ ಹೊಡೆತಕ್ಕೆ ಸ್ಟಿಕ್ ತಾಗಿಸಿ ದಿಕ್ಕು ತಪ್ಪಿಸಬಹುದು.

ಆದರೆ ಎತ್ತರಕ್ಕೆ ತೆರುವ ಬೆಲೆಯೂ ಇದೆ. ದೇಹದ ಭಾರ ಮೇಲಕ್ಕೆ ಏರಿದಷ್ಟೂ ಸಮತೋಲ ಕಷ್ಟ. ಉದ್ದ ಕಾಲುಗಳನ್ನು ಬೇಗಬೇಗ ಕದಲಿಸಲು ಆಗದೆ ನಿಂತಲ್ಲಿಂದ ಹೊರಡುವ ಮೊದಲ ಎರಡು ಮೂರು ಹೆಜ್ಜೆ ನಿಧಾನವಾಗುತ್ತದೆ. ತಿರುವು ತೆಗೆದುಕೊಳ್ಳಲು ಹೆಚ್ಚು ಜಾಗ ಬೇಕು. ಪಕ್ ಕಾಲಬುಡಕ್ಕೇ ಬಂದುಬಿಟ್ಟರೆ ಉದ್ದ ಸ್ಟಿಕ್ಕಿನಿಂದ ಅದನ್ನು ಬಿಡಿಸಿಕೊಳ್ಳುವುದು ತಾಪತ್ರಯ. ಡಿಫೆಂಡರ್‌ಗೆ ಈ ಕೊರತೆಗಳನ್ನು ಮುಚ್ಚಿಕೊಳ್ಳುವ ದಾರಿಗಳಿವೆ. 6 ಅಡಿ 9 ಇಂಚಿನ ಸ್ಲೊವಾಕಿಯಾದ ಜ್ಡೆನೊ ಚಾರಾ ಡಿಫೆಂಡರ್ ಆಗಿಯೇ ದಿಗ್ಗಜರಾದರು. ಫಾರ್ವರ್ಡ್‌ಗೆ ಆ ಅನುಕೂಲವಿಲ್ಲ. ನಾಲ್ಕೂ ಕಡೆಯಿಂದ ಒತ್ತಡವಿರುವಾಗ ಚಿಕ್ಕ ಜಾಗದಲ್ಲೇ ತಿರುಗಿ, ತಡೆದು, ಹೊರಡುವುದೇ ಅವನ ಕೆಲಸ.

ಎಲುಬು ಮೊದಲು, ಬಲ ಆಮೇಲೆ

ಹುಡುಗರು ಸಾಮಾನ್ಯವಾಗಿ 13-14ರ ವಯಸ್ಸಿನಲ್ಲಿ ಅತಿ ವೇಗವಾಗಿ ಉದ್ದವಾಗುತ್ತಾರೆ. ಆಗ ಕೈಕಾಲು ಮೊದಲು ಬೆಳೆಯುತ್ತವೆ, ಮುಂಡ ಆಮೇಲೆ. ಸ್ನಾಯುಗಳ ಬಲ ಕೂಡಿಬರುವುದು ಇನ್ನೂ ತಡ. ಹೋದ ವರ್ಷ ಸಲೀಸಾಗಿ ಆಡುತ್ತಿದ್ದ ಹುಡುಗ ಈ ವರ್ಷ ತಡವರಿಸುವುದು ಇದರಿಂದಲೇ. ತನ್ನ ಕಾಲು ಎಲ್ಲಿ ಮುಗಿಯುತ್ತದೆ ಎಂಬ ಅಂದಾಜನ್ನು ಮಿದುಳು ಹೊಸದಾಗಿ ಕಲಿಯಬೇಕು. ಇದೇ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗೆ ನೋವು ಕಾಣಿಸಿಕೊಳ್ಳುವುದೂ ಉಂಟು. ಬೆಳೆಯುತ್ತಿರುವ ಎಲುಬನ್ನು ಬಿಗಿಯಾದ ಸ್ನಾಯುರಜ್ಜು ಎಳೆಯುವುದೇ ಅದಕ್ಕೆ ಕಾರಣ.

ಬಲ್ಲ ಕೋಚ್ ಈ ಹಂತದಲ್ಲಿ ಭಾರ ಎತ್ತಿಸಲು ಅವಸರ ಮಾಡುವುದಿಲ್ಲ. ಸಮತೋಲದ ವ್ಯಾಯಾಮ, ಸೊಂಟ ಮತ್ತು ಕಣಕಾಲು ಕೀಲುಗಳ ಸಡಿಲಿಕೆ, ಒಂಟಿ ಕಾಲಿನ ಬಲ ಇವುಗಳಿಗೆ ಒತ್ತು ಕೊಡುತ್ತಾರೆ. ಹುಡುಗ ತಡವರಿಸಿದ ಎಂದು ತಂಡದಿಂದ ಕೈಬಿಡುವುದು ಈ ಹಂತದ ದೊಡ್ಡ ತಪ್ಪು.

ಮಂಡಿ ಬಗ್ಗದೆ ವೇಗವಿಲ್ಲ

ಎತ್ತರದವರು ಸಹಜವಾಗಿ ನೆಟ್ಟಗೆ ನಿಲ್ಲುತ್ತಾರೆ. ಸ್ಕೇಟಿಂಗ್‌ಗೆ ಅದು ಆಗಿಬರುವುದಿಲ್ಲ. ರೈಡ್‌ಗೆ ಇಳಿದ ಕಬಡ್ಡಿ ಆಟಗಾರ ಮಂಡಿ ಬಗ್ಗಿಸಿ, ಸೊಂಟ ಇಳಿಸಿ ನಿಲ್ಲುವಂತೆ ಇಲ್ಲಿಯೂ ತಗ್ಗಿ ನಿಲ್ಲಬೇಕು. ಮಂಡಿ ಬಗ್ಗಿದಷ್ಟೂ ಕಾಲನ್ನು ಹಿಂದಕ್ಕೆ, ಬದಿಗೆ ಒತ್ತಲು ಸಿಗುವ ದೂರ ಹೆಚ್ಚುತ್ತದೆ. ಉದ್ದ ಕಾಲಿನವರಿಗೆ ಆ ಒಂದೊಂದು ಒತ್ತಿಗೂ ಸಿಗುವ ಲಾಭ ದೊಡ್ಡದು. ವೇಗ ಹಿಡಿದ ಮೇಲೆ ಅವರನ್ನು ಅಟ್ಟಿಸಿಕೊಂಡು ಹೋಗುವುದು ಗಿಡ್ಡನೆಯ ಆಟಗಾರರಿಗೆ ಕಷ್ಟ.

ಸ್ಕೇಟಿನ ಬ್ಲೇಡಿಗೆ ಒಳಗಿನದು, ಹೊರಗಿನದು ಎಂದು ಎರಡು ಅಂಚುಗಳಿವೆ. ತಿರುವು, ನಿಲುಗಡೆ, ಹೊರಡುವಿಕೆ ಎಲ್ಲವೂ ಈ ಅಂಚುಗಳ ಮೇಲೆ ದೇಹದ ಭಾರ ವರ್ಗಾಯಿಸುವ ಕಲೆ. ಹಾಗಾಗಿ ಎತ್ತರದ ಹುಡುಗರು ಪಕ್ ಇಲ್ಲದೆಯೇ ಗಂಟೆಗಟ್ಟಲೆ ಅಂಚಿನ ಅಭ್ಯಾಸ ಮಾಡುತ್ತಾರೆ. ಇದಕ್ಕೆಂದೇ ಬೇರೆ ಸ್ಕೇಟಿಂಗ್ ಕೋಚ್‌ಗಳಿರುತ್ತಾರೆ.

ಸ್ಟಿಕ್ಕಿನ ಲೆಕ್ಕ

ಎನ್‌ಎಚ್‌ಎಲ್ ನಿಯಮದಂತೆ ಸ್ಟಿಕ್ಕಿನ ಹಿಡಿ 63 ಇಂಚಿಗಿಂತ ಉದ್ದವಿರುವಂತಿಲ್ಲ. 6 ಅಡಿ 6 ಇಂಚು ಅಥವಾ ಅದಕ್ಕಿಂತ ಎತ್ತರದವರು ಮಾತ್ರ ಅನುಮತಿ ಪಡೆದು 65 ಇಂಚಿನವರೆಗೆ ಹೋಗಬಹುದು. ಉದ್ದ ಸ್ಟಿಕ್ ದೂರ ಮುಟ್ಟುತ್ತದೆ ನಿಜ. ಆದರೆ ಪಕ್ ಮೇಲಿನ ನಯವಾದ ಹಿಡಿತ ಕಡಿಮೆಯಾಗುತ್ತದೆ. ಪ್ರತಿ ಆಟಗಾರನೂ ಇವೆರಡರ ನಡುವೆ ತನ್ನ ಅಳತೆ ಕಂಡುಕೊಳ್ಳಬೇಕು.

ಎರಡನೆಯದು ಸ್ಟಿಕ್ ಬಾಗುವ ಗುಣ, ಅಂದರೆ ಫ್ಲೆಕ್ಸ್. ಹಿಡಿಯನ್ನು ಒಂದು ಇಂಚು ಬಾಗಿಸಲು ಎಷ್ಟು ಪೌಂಡ್ ಬಲ ಬೇಕೋ ಅದೇ ಫ್ಲೆಕ್ಸ್ ಸಂಖ್ಯೆ. ಹೊಡೆಯುವಾಗ ಸ್ಟಿಕ್ ಮಂಜಿಗೆ ಒತ್ತಿ ಬಾಗುತ್ತದೆ. ಮತ್ತೆ ನೆಟ್ಟಗಾಗುವಾಗ ಚಿಮ್ಮುವ ಶಕ್ತಿ ಪಕ್‌ಗೆ ವೇಗ ಕೊಡುತ್ತದೆ. ಎತ್ತರ ನೋಡಿ ತೆಳ್ಳಗಿನ ಹುಡುಗನ ಕೈಗೆ ಗಡುಸಾದ ಸ್ಟಿಕ್ ಕೊಟ್ಟರೆ ಅದು ಬಾಗುವುದೇ ಇಲ್ಲ, ಹೊಡೆತ ಸಪ್ಪೆಯಾಗುತ್ತದೆ. ಫ್ಲೆಕ್ಸ್ ಆರಿಸಬೇಕಾದದ್ದು ತೂಕ ಮತ್ತು ಬಲ ನೋಡಿ.

ಉದ್ದ ಕೈಯ ನಿಜವಾದ ಫಲ ಕಾಣುವುದು ಹೊಡೆತದ ಕೋನದಲ್ಲಿ. ಆಟಗಾರ ಪಕ್ಕನ್ನು ಮೈಯಿಂದ ದೂರ ಹಿಡಿದಿರುತ್ತಾನೆ. ಡಿಫೆಂಡರ್ ಸ್ಟಿಕ್ ಚಾಚಿದ ಕ್ಷಣಕ್ಕೆ ಅದನ್ನು ಒಳಕ್ಕೆ ಎಳೆದು, ಅದೇ ಚಲನೆಯಲ್ಲಿ ಹೊಡೆಯುತ್ತಾನೆ. ಗೋಲ್‌ಕೀಪರ್ ಕಾಯುತ್ತಿದ್ದ ಕೋನವೇ ಬದಲಾಗಿರುತ್ತದೆ. ಕೈ ಉದ್ದವಿದ್ದಷ್ಟೂ ಈ ಎಳೆತ ದೊಡ್ಡದು. ಥಾಂಪ್ಸನ್ ಅವರ ಎಷ್ಟೋ ಗೋಲುಗಳು ಬಂದದ್ದು ಹೀಗೆಯೇ.

ಯಾವ ಜಾಗದಲ್ಲಿ ಆಡಿಸಬೇಕು?

ಎನ್‌ಎಚ್‌ಎಲ್ ತಂಡಗಳು 18ರ ಆಸುಪಾಸಿನ ಹುಡುಗರನ್ನು ವರ್ಷಕ್ಕೊಮ್ಮೆ ಡ್ರಾಫ್ಟ್ ಮೂಲಕ ಆರಿಸಿಕೊಳ್ಳುತ್ತವೆ. ಆಯ್ಕೆಯಾದವರು ತಕ್ಷಣ ಲೀಗಿಗೆ ಬರಬೇಕೆಂದಿಲ್ಲ. ಕಾಲೇಜು, ಜೂನಿಯರ್ ಅಥವಾ ಯುರೋಪಿನ ಲೀಗ್‌ಗಳಲ್ಲಿ ಆಡಿ, ಬಳಿಕ ಎಎಚ್‌ಎಲ್ ಎಂಬ ಎರಡನೇ ಹಂತದ ವೃತ್ತಿಪರ ಲೀಗಿನಲ್ಲಿ ಪಳಗುತ್ತಾರೆ. ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ ಆಡುತ್ತಿದ್ದ ಥಾಂಪ್ಸನ್ ಅವರನ್ನು ಸೇಂಟ್ ಲೂಯಿಸ್ ಬ್ಲೂಸ್ 2016ರಲ್ಲಿ 26ನೆಯವರಾಗಿ ಆರಿಸಿತು. 2018ರ ಜುಲೈ 1ರಂದು ಬಫಲೊ ಸೇಬರ್ಸ್ ತಂಡದ ಆಟಗಾರ ರಯಾನ್ ಒರೈಲಿ ಅವರನ್ನು ಪಡೆಯಲು ಥಾಂಪ್ಸನ್ ಅವರನ್ನು ಆ ತಂಡಕ್ಕೆ ಬಿಟ್ಟುಕೊಟ್ಟಿತು. ಮರುವರ್ಷವೇ ಬ್ಲೂಸ್ ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದಿತು, ಪ್ಲೇಆಫ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಒರೈಲಿ ಪಾಲಾಯಿತು. ಇತ್ತ ಥಾಂಪ್ಸನ್ ಬಫಲೊದ ಮೊದಲ ಋತುವಿನಲ್ಲಿ 65 ಪಂದ್ಯಗಳಿಂದ 7 ಗೋಲು ಹೊಡೆದರು. ಮುಂದಿನ ಋತುವಿನಲ್ಲಿ ಎಎಚ್‌ಎಲ್‌ಗೆ ಇಳಿದರು. ಮೇಲಿನ ಲೀಗಿಗೆ ಕರೆ ಬಂದಾಗ ಒಂದೇ ಪಂದ್ಯ ಆಡಿ ಗಾಯಗೊಂಡರು.

2021ರಲ್ಲಿ ಡಾನ್ ಗ್ರನಾಟೊ ಬಫಲೊದ ಕೋಚ್ ಆದರು. ಅಮೆರಿಕದ ರಾಷ್ಟ್ರೀಯ ತರಬೇತಿ ತಂಡದಲ್ಲಿ ಅವರು ಥಾಂಪ್ಸನ್ ಅವರನ್ನು ಹದಿಹರೆಯದಲ್ಲೇ ಬಲ್ಲವರು. ವಿಂಗರ್ ಆಗಿ, ಅಂದರೆ ಬದಿಯಲ್ಲಿ, ಆಡುತ್ತಿದ್ದ ಥಾಂಪ್ಸನ್ ಅವರನ್ನು 2021-22ರಲ್ಲಿ ನಡುವಿನ ಸೆಂಟರ್ ಜಾಗಕ್ಕೆ ತಂದರು. ವಿಂಗರ್ ಹೆಚ್ಚಾಗಿ ಗೋಡೆ ಪಕ್ಕದಲ್ಲಿ, ನಿಂತಲ್ಲೇ ಪಕ್ ಪಡೆಯುತ್ತಾನೆ. ಅಲ್ಲಿಂದ ಹೊರಡಲು ಆ ಮೊದಲ ಮೂರು ಹೆಜ್ಜೆಯ ಚುರುಕು ಬೇಕು, ಎತ್ತರದವರಿಗೆ ಕೊರತೆ ಇರುವುದೇ ಅಲ್ಲಿ. ಸೆಂಟರ್ ಆದವನು ತನ್ನ ಗೋಲಿನ ಹತ್ತಿರದಿಂದ ಓಟ ಕಟ್ಟಿಕೊಂಡು ಬಂದು, ರಿಂಕಿನ ನಡುವೆ ವೇಗದಲ್ಲಿರುವಾಗಲೇ ಪಕ್ ಪಡೆಯುತ್ತಾನೆ. ಎಡಕ್ಕೂ ಬಲಕ್ಕೂ ಜಾಗವಿರುತ್ತದೆ. ಉದ್ದ ಕಾಲಿಗೆ ಓಟದ ದೂರ, ಉದ್ದ ಕೈಗೆ ಎರಡೂ ಬದಿ ಸಿಕ್ಕಿದ್ದೇ ಆ 38 ಗೋಲುಗಳಿಗೆ ದಾರಿ ಮಾಡಿತು. 2022ರ ಡಿಸೆಂಬರ್ 7ರಂದು ಕೊಲಂಬಸ್ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದರು, ಅದರಲ್ಲಿ ನಾಲ್ಕು ಮೊದಲ ಅವಧಿಯಲ್ಲೇ.

ಹೊಡೆದಾಟಗಾರನೆಂಬ ಹಣೆಪಟ್ಟಿ

ಎತ್ತರದ ಫಾರ್ವರ್ಡ್‌ಗೆ ಇನ್ನೊಂದು ಅಪಾಯವಿದೆ. ದೇಹ ಕಂಡ ಕೂಡಲೇ ತಂಡಗಳು ಅವನಿಂದ ಗುದ್ದಾಟ ನಿರೀಕ್ಷಿಸುತ್ತವೆ. ಸುಮಾರು 6 ಅಡಿ 8 ಇಂಚಿನ ಮ್ಯಾಟ್ ರೆಂಪೆ 2024ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ರೇಂಜರ್ಸ್ ಪರ ಕಣಕ್ಕಿಳಿದ ಮೊದಲ ಕ್ಷಣದಲ್ಲೇ ಜಗಳಕ್ಕೆ ನಿಂತರು. ರಾತ್ರಿ ಬೆಳಗಾಗುವುದರೊಳಗೆ ಪ್ರಸಿದ್ಧರಾದರು. ಮರುತಿಂಗಳು ಎದುರಾಳಿಯ ತಲೆಗೆ ಮೊಣಕೈ ತಾಗಿಸಿದ್ದಕ್ಕೆ ನಾಲ್ಕು ಪಂದ್ಯಗಳ ಅಮಾನತು ಬಂತು. ಇಷ್ಟು ಎತ್ತರದವರ ಮೊಣಕೈ ಬೇರೆಯವರ ತಲೆಯ ಮಟ್ಟಕ್ಕೇ ಬರುತ್ತದೆ. ಕೈ ತಗ್ಗಿಸಿ, ಭುಜವನ್ನು ಎದುರಾಳಿಯ ಎದೆಗೆ ಒಡ್ಡಿ ಡಿಕ್ಕಿ ಕೊಡುವುದನ್ನು ಅವರು ಚಿಕ್ಕಂದಿನಿಂದಲೇ ಕಲಿಯಬೇಕು. ಎದುರಾಳಿಯ ಮಿದುಳಿನ ಸುರಕ್ಷತೆಯ ಪ್ರಶ್ನೆ ಇದು.

ಎಷ್ಟು ಕಾಯಬೇಕು?

ಸೆಂಟರ್ ಜಾಗಕ್ಕೆ ಬಂದು ಗೋಲು ಸುರಿಸುವ ಹೊತ್ತಿಗೆ ಥಾಂಪ್ಸನ್‌ಗೆ 24 ವರ್ಷ. ಡ್ರಾಫ್ಟ್ ಆಗಿ ಐದು ವರ್ಷ ಕಳೆದಿತ್ತು. 2025ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಪಂದ್ಯದ ಏಕೈಕ ಗೋಲು ಹೊಡೆದು ಅಮೆರಿಕಕ್ಕೆ ಚಿನ್ನ ತಂದವರೂ ಅವರೇ.

ಎತ್ತರದ ಫಾರ್ವರ್ಡ್‌ನನ್ನು 19-20ರ ವಯಸ್ಸಿನ ಅಂಕಿಗಳಿಂದ ಅಳೆಯುವುದು ಅನ್ಯಾಯ. ಆ ವಯಸ್ಸಿನಲ್ಲಿ ನೋಡಬೇಕಾದ್ದು ಬೇರೆ: ಹೋದ ವರ್ಷಕ್ಕಿಂತ ಈ ವರ್ಷ ಮಂಡಿ ಹೆಚ್ಚು ಬಗ್ಗುತ್ತಿದೆಯೇ, ಏರಿದ ತೂಕ ಕಾಲಿನ ಚುರುಕನ್ನು ತಿಂದಿಲ್ಲವೇ, ಓಡುತ್ತಲೇ ಪಕ್ ಪಡೆಯುವ ಅವಕಾಶ ಸಿಗುತ್ತಿದೆಯೇ. ಈ ಮೂರಕ್ಕೂ ಹೌದು ಎನ್ನುವಂತಿದ್ದರೆ ತಂಡ ಅವನಿಗೆ 23-24ರವರೆಗೆ ಸಮಯ ಕೊಡಬೇಕು. ಎತ್ತರ ತಾನಾಗಿ ಬರುತ್ತದೆ, ಅದನ್ನು ಆಟವಾಗಿಸಲು ಕೋಚ್‌ನ ತಿಳಿವಳಿಕೆಯೂ ತಂಡದ ತಾಳ್ಮೆಯೂ ಬೇಕು.